ಫಾರ್ಮು ತುಂಬೂಕಿಂತ ಮೊದಲು, ಹಸೀನಾ

ಎಂ.ಎ. ಫಾರ್ಮು ತಂದೀಯಂತ, ಹಸೀನಾ.
ಡಿಪೋದಾಗ ಎಲ್ಲಾರಿಗೂ ಗೊತ್ತು, ನೀನೇ ಹೇಳಿಲ್ಲ ಅಷ್ಟೇ.
ಕುಂದ್ರು. ಸಿಂಧನೂರು ಬಿಡಾಕ ಇನ್ನಾ ಹನ್ನೆರಡು ನಿಮಿಷ ಐತಿ,
ಈರಣ್ಣ ಇನ್ನಾ ಚಾ ಊದಾಕತ್ತಾನ.

ಮೊದಲು ಆ ಮಹಡಿ ಮ್ಯಾಲಿನ ಅಂಗಡಿ ಮಾತು.
"ಪರೀಕ್ಷೆ ಬರೆಯೋದೂ ಬ್ಯಾಡ ಮೇಡಂ, ಫೋಟೋ ಎರಡು ಸಾಕು" ಅಂತಾನ ಆತ.
ಫೋಟೋದಾಗ ನೀನು ನಗ್ತಿ,
ಆಮ್ಯಾಲ ನಿನ್ನ ಫೈಲು ನೋಡಿ ಯಾರೋ ನಗ್ತಾರ.
ಮಾನ್ಯತೆ ಐತೇನು, ಈ ವರ್ಷಕ್ಕ ಐತೇನು,
ನೀನು ಹಿಡಿದ ವಿಷಯಕ್ಕ ಐತೇನು,
ಮೂರೂ ಬ್ಯಾರೆ ಬ್ಯಾರೆ ಕೇಳು.
ರಾಯಚೂರಂತ ಬೋರ್ಡು ಇದ್ದ ಮಾತ್ರಕ್ಕ
ಬಸ್ಸು ರಾಯಚೂರಿಗೇ ಹೋಗತೈತೇನು? ನಿನಗ ಗೊತ್ತಲ್ಲ.

ನಾನು ಇತಿಹಾಸ ತಗೊಂಡೆ.
ಯಾಕಂದ್ರ ಮುದಗಲ್ ಕೋಟಿ ಮುಂದ ಮೂರು ವರ್ಷ
ಟಿಕೆಟ್ ಹರಿದೀನಿ, ಒಮ್ಮೆನೂ ಇಳಿದಿಲ್ಲ.
ಪುಸ್ತಕ ಜುಲೈದಾಗ ಬರತಾವ ಅಂದಿದ್ರು.
ಬಂದಿದ್ದು ಸಂಕ್ರಮಣ ಮುಗಿದ ಮ್ಯಾಲ, ಅದೂ ಎರಡನೇ ಭಾಗ ಮೊದಲು.
ವಿಜಯನಗರ ಬಿದ್ದಿದ್ದು ಓದಿ
ಆಮ್ಯಾಲ ಕಟ್ಟಿದ್ದು ಓದಿದೆ.

ಯಾರೂ ನಿನ್ನ ಕ್ಲಾಸಿಗೆ ಕರಿಯೋದಿಲ್ಲ.
ಇದೇ ಸುಖ. ಇದೇ ಕುತ್ತು.
ನೀರಮಾನ್ವಿ ಬಿಟ್ಟ ಮ್ಯಾಲ ಕಲ್ಲೂರು ತನಕ ಹತ್ತೋರು ಕಡಿಮಿ,
ಅಲ್ಲಿ ಅರ್ಧ ಪುಟ.
ಸೀಟಿ ಊದಿದೆನಂದ್ರ ಎಲ್ಲಿ ನಿಲ್ಲಿಸಿದ್ದೆ ಮರೀತಿತ್ತು,
ಅದಕ್ಕ ಟಿಕೆಟ್ ರೋಲಿನ ತುಂಡು ಪುಟದಾಗ ಇಡತಿದ್ದೆ.
ದಿನಕ್ಕ ಅರ್ಧ ಪುಟ ಅಂದ್ರ ಎರಡು ವರ್ಷಕ್ಕ ಎಷ್ಟು?
ಸಾಲೋದಿಲ್ಲ. ಲೆಕ್ಕ ಹಾಕಿ ನೋಡೀನಿ.
ಮನಿಯಾಗೂ ಓದಬೇಕು. ಕೂಸು ಮಲಗಿದ ಮ್ಯಾಲ ಅಲ್ಲ,
ಆವಾಗ ನೀನೂ ಮಲಗ್ತಿ.
ಕೂಸು ಏಳೂಕಿಂತ ಮೊದಲು.

ಅಸೈನ್‌ಮೆಂಟ್ ಯಾರೂ ಓದೋದಿಲ್ಲ ಅಂತಾರ. ಖರೇನೂ ಇರಬಹುದು.
ಆದ್ರ ಸೊನ್ನೆ ರೂಪಾಯಿ ಟಿಕೆಟ್ಟೂ ನಾವು ಹರಿದೇ ಕೊಡತೀವಿ,
ಕೊಡದಿದ್ರ ಚೆಕ್ಕಿಂಗ್‌ನವ್ರು ಮೆಮೊ ಯಾರ ಕೈಗೆ ಇಡತಾರ?
ಕೈಲೇ ಬರಿ. ರಿಜಿಸ್ಟರ್ ಪೋಸ್ಟ್ ಮಾಡು. ರಸೀದಿ ಬಿಸಾಕಬ್ಯಾಡ.
"ನಿಮ್ಮದು ಬಂದಿಲ್ಲ" ಅಂತ ಅವರು ಅಂದಾಗ
ಆ ಬೆರಳಷ್ಟು ಚೀಟಿನೇ ನನ್ನ ಪರ ಮಾತಾಡಿದ್ದು.

ಸಂಪರ್ಕ ತರಗತಿ ಎಂಟು ದಿನ. ರಜಾ ಈಗಲೇ ಬರಿಸು.
"ಓದಿ ಏನ್ ಮಾಡ್ತಿ?" ಅಂತ ಕೇಳ್ತಾರ.
ಉತ್ತರ ಕೊಡಬ್ಯಾಡ, ಸಹಿ ತಗೋ.
ಅಲ್ಲಿ ಒಂದೇ ಫ್ಯಾನು, ಅದರ ಕೆಳಗ ನಲವತ್ತು ಮಂದಿ:
ಶಕ್ತಿನಗರದ ಬೂದಿ ಹತ್ತಿದ ಅಂಗಿ,
ಜೆಸ್ಕಾಂ ಲೈನ್‌ಮನ್,
ದೇವದುರ್ಗದ ಅಂಗನವಾಡಿ ನಾಗರತ್ನಮ್ಮ.
ಪಾಠದಕಿಂತ ಮೊದಲು ಅವರ ಫೋನ್ ನಂಬರ್ ಬರಕೋ.
ಪರೀಕ್ಷೆ ಮುಂದಕ್ಕ ಹೋಗಿದ್ದು ವಿಶ್ವವಿದ್ಯಾಲಯ ಹೇಳಲಿಲ್ಲ,
ನಾಗರತ್ನಮ್ಮ ಹೇಳಿದ್ದು.

ಪಗಾರ? ಒಂದು ರೂಪಾಯಿ ಏರಿಲ್ಲ.
ಬ್ಯಾರೆ ನೌಕರಿಗೆ ಹೋದಾಗ "ರೆಗ್ಯುಲರ್ ಅಲ್ಲೇನು?" ಅಂತ ಕೇಳಿ
ಕಾಗದ ಹೊಳ್ಳಿ ಕೊಟ್ರು, ಉಂಡ ಎಲಿ ಸರಿಸಿದಂಗ.
ಅದನ್ನ ಯಾವ ಪುಸ್ತಕದಾಗೂ ಬರದಿರೋದಿಲ್ಲ,
ಅದಕ್ಕ ಹೇಳಾಕತ್ತೀನಿ.

ಮಾರ್ಕ್ಸ್ ಕಾರ್ಡು ಬಂದ ವಾರ ಒಂದು ದಿನ ರಜಾ ಹಾಕಿ
ಯೂನಿಫಾರ್ಮ್ ಇಲ್ಲದ ಮುದಗಲ್‌ನಾಗ ಇಳಿದೆ.
ಟಿಕೆಟ್ ಕೊಟ್ಟ ಹುಡುಗಗ ನಾನ್ಯಾರಂತ ಗೊತ್ತಾಗಲಿಲ್ಲ.
ಕೋಟಿ ಗ್ವಾಡಿಗೆ ಒಂದು ಕಲ್ಲು, ಅದರ ಮ್ಯಾಲ ಸವೆದ ಸಾಲು.
ಪೂರಾ ಓದಾಕ ಬರಲಿಲ್ಲ, ಸುಳ್ಳು ಯಾಕ?
ಒಂದೇ ಶಬ್ದ ಗುರುತು ಹತ್ತಿತು: ಸುಂಕ.
ಗಾಡಿಗೆ ಇಷ್ಟು, ಹೇರಿಗೆ ಇಷ್ಟು ಅಂತ
ಈ ದಾರಿಯಾಗ ನನಗಿಂತ ಮೊದಲೂ ಯಾರೋ ನಿಂತು ವಸೂಲಿ ಮಾಡ್ಯಾರ.
ಬಿಸಿಲಾಗ ನಿಂತಕೊಂಡು ಒಬ್ಬಾಕಿನೇ ನಕ್ಕೆ.

ಈರಣ್ಣ ಏರಿದ ನೋಡು.
ಹಾಂ, ಹೆಸರು ಹತ್ತನೇತ್ತೆ ಮಾರ್ಕ್ಸ್ ಕಾರ್ಡಿನಾಗ ಇದ್ದಂಗೇ ಬರಿ.
ದುರುಗಮ್ಮ ಹೋಗಿ ದುರ್ಗಮ್ಮ ಆಗಿದ್ದಕ್ಕ
ಎರಡು ಸರ್ತಿ ಮೈಸೂರಿಗೆ ಅಡ್ಡಾಡೀನಿ ನಾನು,
ಒಂದು ಕೊಂಬು ತಿದ್ದಸಾಕ.
ರೈಟ್, ರೈಟ್!