ಬಾಕಿ ನಲವತ್ತು ಸೆಂಟು

ನನ್ನ ಲೆಕ್ಕದ ಪುಸ್ತಕದಲ್ಲಿ ಇನ್ನೂ ಇದೆ ಅವನ ಹೆಸರು:
ಆಲ್ವಾ ಕ್ರಿಟೆಂಡನ್, ಚೆಂಡಿಗೆ ಹೊಲಿಗೆ,
ಬಾಕಿ ನಲವತ್ತು ಸೆಂಟು.
ಮೈದಾನದ ಬಾಗಿಲಿಗೆ ಅವನ ಹೆಸರಲ್ಲಿ ಕಲ್ಲಿನ ಕಮಾನಂತೆ,
ಚಂದಾ ಎತ್ತುತ್ತ ಇಲ್ಲಿಗೂ ಬಂದಿದ್ದರು.
ಒಂದು ಡಾಲರು ಕೊಟ್ಟೆ. ಬಾಕಿಯ ಮಾತೆತ್ತಲಿಲ್ಲ.

ನಾನು ಜೀನು ಹೊಲಿಯುವ ಆಗಸ್ಟ್ ಕ್ನೆಪರ್,
ಓಹಾಯೊದ ಈ ಇಟ್ಟಿಗೆ ಭಟ್ಟಿಗಳ ಊರಿನವನು.
ತೊಂಬತ್ತಮೂರರ ಸೆಪ್ಟೆಂಬರು, ಅವನು ಮೊದಲ ಸಲ ಬಂದ
ಚಡ್ಡಿಯ ಮಂಡಿಗೆ ಚರ್ಮ ಹಾಕಿಸಲು.
ತಲೆಗೇನಪ್ಪಾ, ಅಂದೆ.
ಕೂದಲು, ಅಂದ.
ಜೂನಿನಿಂದ ಕತ್ತರಿ ತಾಗಿಸಿರಲಿಲ್ಲ,
ಆ ಕಾಲಕ್ಕೆ ಅದೇ ಶಿರಸ್ತ್ರಾಣ.

ಹಿಂದೆ ಹತ್ತು ಜನ ಒಬ್ಬರ ಸೊಂಟ ಒಬ್ಬರು ಹಿಡಿದು
ಮುಂದೆ ಇವನು, ನೇಗಿಲ ಗುಳದ ಹಾಗೆ.
ಬೆಣೆ ಅನ್ನುತ್ತಿದ್ದರು ಅದಕ್ಕೆ.
ಬೇಲಿಯ ಆಚೆ ನಿಂತ ನನಗೂ ಕಾಲಡಿಯಲ್ಲಿ
ನೆಲ ಗುದ್ದುವುದು ಕೇಳುತ್ತಿತ್ತು.
ಗುಡ್ಡೆ ಬಿತ್ತು. ಒಬ್ಬೊಬ್ಬರೇ ಎದ್ದರು,
ಮಣ್ಣು ಕೊಡವಿ, ಉಗುಳಿ, ನಗುತ್ತ.
ಕೆಳಗೆ ವಿಲಿಸ್ ಟಾರ್ಬೆಟ್, ಎದುರು ಕಾಲೇಜಿನ ಹುಡುಗ,
ಏಳಲಿಲ್ಲ. ಹಲ್ಲಿನ ನಡುವೆ ಹುಲ್ಲು.
ಅವನನ್ನು ಬದಿಗೆ ಮಲಗಿಸಿ ಆಟ ಮುಂದುವರಿಸಿದರು.
ಹತ್ತು ಸೊನ್ನೆ, ನಾವು ಗೆದ್ದೆವು.
ನಾನೂ ಟೋಪಿ ಹಾರಿಸಿದೆ, ಸುಳ್ಳೇಕೆ ಹೇಳಲಿ.
ರಾತ್ರಿ ರೈಲು ನಿಲ್ದಾಣದ ಬೆಂಚಿನ ಮೇಲೆ ಹುಡುಗ ತೀರಿಕೊಂಡ.

ಅದೇ ಗುಡ್ಡೆಯಲ್ಲಿ ಆಲ್ವಾನ ತೋರುಬೆರಳು ಮುರಿದದ್ದು,
ಕೂಡಿತು, ಆದರೆ ಸೊಟ್ಟಗೆ.
ಮುಂದೆ ಅವನೇ ಕೋಚ್ ಆದಾಗ
ಬೆರಳು ಮಾಡಿ ‘ನೀನು’ ಅಂದರೆ
ಇಬ್ಬರು ಓಡಿ ಬರುತ್ತಿದ್ದರು,
ಮನಸ್ಸಿನಲ್ಲಿದ್ದ ಮೂರನೆಯವನು ಅಲ್ಲೇ ನಿಂತಿರುತ್ತಿದ್ದ.
ಹುಡುಗರು ನಗುತ್ತಿದ್ದರು. ಅವನೂ.
ಗುಡ್ಡೆ ಬಿದ್ದಾಗ ಮಾತ್ರ ನಗುತ್ತಿರಲಿಲ್ಲ,
ತುಟಿಯಲ್ಲೇ ಎಣಿಸುತ್ತಿದ್ದ, ನಮ್ಮವರು ಅವರವರು ಅನ್ನದೆ
ಇಪ್ಪತ್ತೆರಡಾಗುವ ತನಕ.

ಸಾವಿರದ ಒಂಬೈನೂರ ಆರು. ಕಾನೂನು ಬದಲಾಯಿತು:
ಚೆಂಡನ್ನು ಇನ್ನು ಮುಂದಕ್ಕೆ ಎಸೆಯಬಹುದು, ಗಾಳಿಯಲ್ಲಿ,
ಎಲ್ಲರ ತಲೆಯ ಮೇಲಿಂದ.
ಸುದ್ದಿ ಓದಿ ಅವನು ನನ್ನ ಅಂಗಡಿಯಲ್ಲೇ ಕುಸಿದು ಕೂತ.
ಗುಡ್ಡೆ ಬೀಳದ ಆಟ, ಕ್ನೆಪರ್, ಗುಡ್ಡೆಯೇ ಬೀಳದ ಆಟ!
ಆದರೆ ಎಸೆಯುವುದು ಹೇಗೆ?
ಕುಂಬಳದಂಥ ಹೊಟ್ಟೆಯ ಚೆಂಡು,
ಸೊಟ್ಟ ಬೆರಳಿಗೆ ಸಿಕ್ಕದೆ ಜಾರಿ
ಏಟು ತಿಂದ ಕೋಳಿಯ ಹಾಗೆ ಉರುಳಿ ಬೀಳುತ್ತಿತ್ತು.

ಒಂದು ಸಂಜೆ ಲಗಾಮು ಮುಟ್ಟಿಸಲು ಅವರ ಹಿತ್ತಿಲಿಗೆ ಹೋದೆ.
ಒಣಹಾಕಿದ ದುಪ್ಪಟಿಗಳ ಹಿಂದಿನಿಂದ
ಚೆಂಡೊಂದು ಹೊರಟಿತು,
ತಕಲಿಯ ಹಾಗೆ ತನ್ನ ಸುತ್ತ ತಾನೇ ತಿರುಗುತ್ತ
ಕೊಟ್ಟಿಗೆಯ ಬಾಗಿಲಿಗೆ ನೆಟ್ಟಗೆ.
ಎಸೆದವಳು ಡೆಲ್ಫಿನ್, ಅವನ ಹೆಂಡತಿ.
ಕಾಲುವೆ ದೋಣಿಯಲ್ಲಿ ಹುಟ್ಟಿ ಬೆಳೆದವಳು,
ಹತ್ತು ವರ್ಷಕ್ಕೇ ದಡಕ್ಕೆ ಹಗ್ಗ ಎಸೆದ ತೋಳು ಅದು.
ಆಲ್ವಾ ನೆಲದ ಮೇಲೆ ಕೂತು ಬರೆದುಕೊಳ್ಳುತ್ತಿದ್ದ,
ಪಾಠ ಒಪ್ಪಿಸುವ ಮಗುವಿನಂತೆ.

ಅವಳು ನನ್ನನ್ನು ಕಂಡು ನಾಚಲಿಲ್ಲ.
ದಾರ ಇಷ್ಟು ಒಳಗೆ ಹೂತರೆ ಬೆರಳಿಗೆ ಹಿಡಿತವೆಲ್ಲಿ,
ಸ್ವಲ್ಪ ಉಬ್ಬಿಸಿ ಹೊಲಿಯಿರಿ ಅಂದಳು.
ದುಡ್ಡು ಅವರ ಹೆಸರಿಗೆ ಬರೆಯಿರಿ.

ಬರೆದೆ.
ಆ ನವೆಂಬರಿನಲ್ಲಿ ನಮ್ಮ ಹುಡುಗರು ಎಸೆದದ್ದನ್ನು
ಮೂರು ಕೌಂಟಿಯ ಜನ ಬಂದು ಬಾಯಿ ಬಿಟ್ಟು ನೋಡಿದರು.
ಪತ್ರಿಕೆಗಳು ಅವನನ್ನು ಹೊಗಳಿದವು.
ಅವನು ಅವಳ ಹೆಸರು ಹೇಳಲು ಹೊರಟಿದ್ದನಂತೆ,
ಕಾಲೇಜಿನ ಹಿರಿಯರು ಚುರುಟು ಕೊಟ್ಟು ಕೂರಿಸಿದರಂತೆ.

ಹೋದ ತಿಂಗಳು, ಜ್ವರದಲ್ಲಿ, ಇಪ್ಪತ್ತೊಂದರವರೆಗೆ ಎಣಿಸಿ
ನಿಲ್ಲಿಸುತ್ತಿದ್ದನಂತೆ. ಮತ್ತೆ ಒಂದರಿಂದ.

ಮೊನ್ನೆ ಡೆಲ್ಫಿನ್ ಬಂದಳು, ಊರಲ್ಲಿರುವ ಸಾಲ ತೀರಿಸುತ್ತ,
ಕಪ್ಪು ಕೈಚೀಲ ಬಿಚ್ಚಿ: ಏನಾದರೂ ಬಾಕಿ ಇದೆಯಾ?
ಪುಸ್ತಕ ನನ್ನ ಮೊಣಕೈ ಕೆಳಗಿತ್ತು.
ಅದರಲ್ಲಿ ಆ ಸಾಲಿನ ಪಕ್ಕ, ನನ್ನದೇ ಸೊಟ್ಟ ಅಕ್ಷರದಲ್ಲಿ:
ಹೆಂಡತಿ ಹೇಳಿದಂತೆ, ದಾರ ಉಬ್ಬಾಗಿ.
ಹಣ ಬಂದರೆ ಸಾಲು ಹೊಡೆದು ಹಾಕಬೇಕು,
ಅದು ಅಂಗಡಿಯ ನಿಯಮ.

ಏನೂ ಇಲ್ಲಮ್ಮ, ಅಂದೆ.