ಉಸುಕು ಆರುವ ತನಕ

ಅವನು ತಂದದ್ದು ಕೆಮ್ಮಿನ ಔಷಧಿಯ ಸೀಸೆ.
ಲೇಬಲ್ಲು ಅರ್ಧ ಹರಿದಿತ್ತು, ಮುಚ್ಚಳದ ಅಂಚಿಗೆ
ಕೆಂಪು ಸಿರಪ್ಪು ಇನ್ನೂ ಅಂಟಿತ್ತು.
ಒಳಗೆ ಮಗಳ ಬೆಳಗಿನ ಉಚ್ಚೆ,
ಹಾಲು ಹಾಕದ ಚಾದ ಬಣ್ಣ.

‘ಇದ್ರಾಗ ನೋಡಿದ್ರ ಸಿರಪ್ಪಿನ ಸಕ್ಕರಿನೂ ಲೆಕ್ಕಕ್ಕ ಬರ್ತೈತಿ’ ಎಂದೆ.
‘ತೊಳ್ದೀನ್ರಿ ಮೇಡಂ, ಎಲ್ಡು ಸಲ’
ಎಂದ ದಸ್ತಗೀರ್ ಸಾಬ್, ಭಟ್ಟಿಯ ಮಸಿ ಕೂತ ಉಗುರುಗಳನ್ನು
ಲುಂಗಿಗೆ ಒರೆಸುತ್ತ.
ಬೇರೆ ಡಬ್ಬಿ ಕೊಟ್ಟೆ.
ಬೆಂಚಿನ ಮೇಲೆ ಮುಬೀನಾ, ಏಳು ವರ್ಷ,
ರೆಪ್ಪೆ ಊದಿ ಕಣ್ಣು ಅರ್ಧ ಅಡಗಿದ್ದವು.

ಮೊದಲು ಬಂದದ್ದು ಬರೀ ನೆಗಡಿ.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಎಲ್ಲ ಮಕ್ಕಳಿಗೂ ಬಂದಿತ್ತು, ಹೋಗಿತ್ತು.
ಇವಳಿಗೂ ಹೋಯಿತು.
ಎರಡು ವಾರ ಶಾಲೆಗೂ ಹೋಗಿಬಂದಳು.
ಆಮೇಲೆ ಕಾಲ ಮೇಲೆ ಚುಕ್ಕಿ.
ತಿಗಣೆ ಎಂದು ತಾಯಿ ಹಾಸಿಗೆ ಬಿಸಿಲಿಗೆ ಹಾಕಿದಳು.
ಅಮ್ಮ ಬಂದಾಳ, ಬೇವಿನ ಸೊಪ್ಪು ತರ್ರಿ
ಎಂದಳು ಪಕ್ಕದ ಮನೆಯ ಹಾಲಮ್ಮ.
ಶಾಲೆಯಲ್ಲಿ ಜೊತೆಗಾತಿಯೊಬ್ಬಳು ಬಾಲ್‌ಪೆನ್ನು ಹಿಡಿದು
ಎಂಟು ಚುಕ್ಕಿ ಸೇರಿಸಿ
ಮೊಣಕಾಲ ಕೆಳಗೆ ರಂಗೋಲಿ ಶುರು ಮಾಡಿದ್ದಳು.
ಟೀಚರು ಬಂದದ್ದಕ್ಕೆ ಅರ್ಧಕ್ಕೇ ನಿಂತಿತ್ತು.

ಡಾಕ್ಟರು ಗಾಜಿನ ಪಟ್ಟಿ ಒತ್ತಿ ನೋಡಿದರಂತೆ.
ಒತ್ತಿದರೆ ಮಾಸುವ ಕೆಂಪಲ್ಲ ಅದು,
ರಕ್ತವೇ ನಾಳ ಬಿಟ್ಟು ಚರ್ಮದಡಿ ಕೂತಿದೆ.
ಇಲ್ಲಿ ಕಂಡದ್ದು ಕಾಣದ ಕಡೆಯೂ ಇರಬಹುದೆಂದು
ನನ್ನ ಹತ್ತಿರ ಕಳಿಸಿದ್ದರು.

ಪ್ರನಾಳದ ಮೇಲ್ಭಾಗವನ್ನು ದೀಪಕ್ಕೆ ಹಿಡಿದೆ.
ಕೆಳಗೆ ಚಾದ ಬಣ್ಣ ಹಾಗೇ, ಮೇಲೆ ಮೋಡ,
ಹನಿ ಆಮ್ಲ ಬಿಟ್ಟರೂ ಕರಗದ್ದು,
ಮೊಟ್ಟೆಯ ಬಿಳಿ ಬೆಂದ ಹಾಗೆ.
ಮೈಯಲ್ಲೇ ಉಳಿಯಬೇಕಾದದ್ದು
ಹರಿದ ಜರಡಿಯಿಂದ ಸೋರಿ ಬರುತ್ತಿದೆ.
ಮೂರು ಪ್ಲಸ್ ಎಂದು ಬರೆದೆ.
‘ಅಂದ್ರ ನಾ ಪಾಸಾ?’ ಎಂದಳು ಮುಬೀನಾ.

‘ನೆಗಡಿ ಬಂದಿದ್ದು ಮೂಗಿಗೆ. ಕಿಡ್ನಿಗೆ ಹೆಂಗ್ ಹೋತ್ರಿ?’
ಓದಿದ್ದನ್ನು ಹೇಳಿದೆ:
ರೋಗ ಹಿಡಿಯಲು ಮೈ ಮಾಡಿಕೊಂಡದ್ದು
ರೋಗ ಹೋದ ಮೇಲೂ ರಕ್ತದಲ್ಲಿ ತಿರುಗುತ್ತ
ಸಣ್ಣ ನಾಳಗಳ ಗೋಡೆಗೆ ಅಂಟಿಕೊಳ್ಳುತ್ತದೆ,
ಕಾಲಿನಲ್ಲಿ, ಕರುಳಿನಲ್ಲಿ, ಮೂತ್ರಪಿಂಡದಲ್ಲಿ.
ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.
‘ಬೆಂಕಿ ತಗದ ಮ್ಯಾಲೂ ಬಾಣ್ಲಿ ಉಸುಕು ಸುಡ್ತೈತಲ್ರಿ,
ಹಂಗ ಅನ್ರಿ.’
ಹಾಗೇ, ಎಂದೆ.
‘ಯಾವಾಗ ಆರ್ತೈತಿ?’

ಪ್ರತಿ ಸೋಮವಾರ ಬಂದರು.
ಮೂರು. ಮೂರು. ಎರಡು. ಮತ್ತೆ ಮೂರು.
ಕಾಲಿನ ಕೆಂಪು ಕಂದಾಗಿ, ಹಳದಿಯಾಗಿ, ಮಾಸಿತು.
ಆರಾಮಾತು ಬಿಡ್ರಿ ಅಂದಳಂತೆ ತಾಯಿ.
ಇನ್ನೂ ಏಳು ಸೋಮವಾರ ಡಬ್ಬಿ ಮೋಡ ತೋರಿಸಿತು.
ಅದರಾಚೆಯದರಲ್ಲಿ ಬರೀ ಹೊಗೆಯಷ್ಟು.
‘ಟ್ರೇಸ್’ ಎಂದು ಬರೆದು, ಅಳಿಸಿ, ಮತ್ತೊಮ್ಮೆ ನೋಡಿ,
ಅದನ್ನೇ ಬರೆದೆ.

ಸಂಜೆ ಮೇಜಿನ ಮೇಲೆ ಪೇಪರಿನ ಪೊಟ್ಟಣವಿತ್ತು.
ಅಕ್ಕಿಗೆ ಉಪ್ಪುನೀರು ಹಾಕದೆ
ಮಗಳಿಗೆಂದೇ ಬೇರೆ ಹುರಿದ ಮಂಡಕ್ಕಿ.
‘ಇದನ್ನ ಯಾರೂ ಕೊಳ್ಳಂಗಿಲ್ರಿ’ ಎಂದು ನಕ್ಕು ಹೋಗಿದ್ದನಂತೆ.
ಕೈ ತೊಳೆದು ಹೊರಗೆ ಬಂದು
ಒಂದು ಹಿಡಿ ಬಾಯಿಗೆ ಹಾಕಿದೆ.
ಬೆಚ್ಚಗಿತ್ತು. ಸಪ್ಪೆ.
ಇನ್ನೊಂದು ಹಿಡಿ ತಿಂದು ಒಳಗೆ ಹೋಗಿ
ಮುಂದಿನ ಸೋಮವಾರದ ಡಬ್ಬಿಗೆ
ಅವಳ ಹೆಸರು ಬರೆದಿಟ್ಟೆ.