ನಮೂನೆಯಲ್ಲಿ ಎರಡೇ ಗೆರೆ

‘ಹತ್ತಿರದ ಸಂಬಂಧಿಕರು’ ಎಂಬಲ್ಲಿ
ನಮೂನೆಯಲ್ಲಿ ಎರಡೇ ಗೆರೆ.
ಅದನ್ನು ಹಿಡಿದು ಹಾರವಾಡಕ್ಕೆ ಹೋದೆ. ಜೂನ್ ತಿಂಗಳು,
ಬೋಟುಗಳೆಲ್ಲ ದಡಕ್ಕೇರಿ ತಾಡಪಾಲು ಹೊದ್ದ ಕಾಲ.

ಮಕ್ಕಳ ಅವ್ವ ಧಾರವಾಡದ ಆಸ್ಪತ್ರೆಯಲ್ಲಿ.
ಅಪ್ಪ ವೆರಾವಳದ ಬೋಟಿಗೆ ಹೋದವ,
ಫೋನು ಹಚ್ಚಿದರೆ ಗುಜರಾತಿ ಹೆಂಗಸೊಬ್ಬಳು
ಏನೋ ಹೇಳಿ ಇಟ್ಟುಬಿಡುತ್ತಾಳೆ.
ಸೋಮವಾರ ಸಮಿತಿಯ ಮುಂದೆ ಕಡತ.
ಯಾರೂ ಬಾರದಿದ್ದರೆ ಬಾಲಮಂದಿರ,
ಹುಡುಗಿಗೆ ಒಂದು, ಹುಡುಗನಿಗೆ ಇನ್ನೊಂದು.

ಇಬ್ಬರು ಬಂದಾರು ಅಂದುಕೊಂಡಿದ್ದೆ.
ಬಲೆ ಹೆಣೆಯುವ ಚಪ್ಪರದಡಿ ಹತ್ತೊಂಬತ್ತು ಜನ.
ಅಜ್ಜಿಯ ತಂಗಿ ಬುದವಂತಿ, ಅವಳ ಸೊಸೆ,
ದೊಡ್ಡಪ್ಪ ಜಟ್ಟಯ್ಯ (ಒಂದು ಎಂಜಿನ್ನಿನ ಸಲುವಾಗಿ
ತಮ್ಮನ ಕೂಡ ಮಾತು ಬಿಟ್ಟು ಒಂಬತ್ತು ವರ್ಷ),
ಗೋವೆಯಿಂದ ರಾತ್ರಿ ಬಸ್ಸಿಗೆ ಬಂದ ಸೋದರಮಾವ,
ಸಂಬಂಧ ಯಾವುದೆಂದರೆ ಬರೇ ನಕ್ಕ ಒಬ್ಬ ಮುದುಕಿ.

ಇದ್ದೊಂದು ಕುರ್ಚಿ ನನಗೆ. ಚಾ ಕುಡಿಸಿ ಹೇಳಿದರು:
‘ಅಕ್ಕೋರೆ, ನೀವು ಸ್ವಲ್ಪ ಆಚೆ ಕೂತ್ಕಳಿ.’

ಆಚೆ ಕೂತೆ.
ಕೂಗಾಟ. ಎಂಜಿನ್ನಿನ ಮಾತು ಬಂತು,
ಯಾರದೋ ಮದುವೆಯ ಬಂಗಾರದ ಮಾತೂ.
ಗೋವೆಯವ ಅಂದ: ‘ಹುಡುಗಿ ನನಗಿರಲಿ,
ಮನೆಗೆಲಸಕ್ಕೂ ಆತು. ಗಂಡು ಜಟ್ಟಯ್ಯಗೆ.’
ಬುದವಂತಿ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದಳು.
‘ಬಂಗಡೆಯೇನೋ ಅವು, ಬುಟ್ಟಿಯಲ್ಲಿ ಪಾಲು ಹಾಕೂಕೆ?’

ಬಹಳ ಹೊತ್ತು ಬಲೆಯ ಸೂಜಿ ಮಾತ್ರ ಓಡಿತು.
ಆಗ ಹುಡುಗಿ, ಯಾರೂ ಕೇಳದೆಯೇ:
‘ತಮ್ಮ ರಾತ್ರಿ ಎದ್ದು ಅಳ್ತ.
ನಾನಿಲ್ದಿರೆ ಮಲಗೂದಿಲ್ಲ.’

ನನ್ನನ್ನು ಒಳಗೆ ಕರೆದಾಗ ಸಂಜೆ.
ಇಬ್ಬರೂ ಬುದವಂತಿಯ ಮನೆಯಲ್ಲಿ.
ಅವಳ ಕಣ್ಣು ಮಂಜು, ಅದಕ್ಕೆ ರಾತ್ರಿ ಜೊತೆಗೆ ಸೊಸೆ.
ಅಕ್ಕಿ ಗೋವೆಯದು. ಶಾಲೆ ಬಸ್ಸಿಗೆ ಹತ್ತಿಸುವುದು ಮುದುಕಿ.
ತಿಂಗಳಿಗೊಮ್ಮೆ ಮಕ್ಕಳನ್ನು ಧಾರವಾಡಕ್ಕೆ, ಅವರ ಅವ್ವನ ಹತ್ತಿರ,
ಜಟ್ಟಯ್ಯ.
ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ,
ಹುಡುಗನ ಚಪ್ಪಲಿಯ ಹರಿದ ಬಾರನ್ನು
ಬಲೆದಾರದಿಂದ ಹೊಲಿಯುತ್ತಿದ್ದ.

ಹತ್ತೊಂಬತ್ತು ಹೆಸರು ಬರೆದೆ,
ಗೆರೆ ದಾಟಿ, ಅಂಚಿಗೆ, ಹಾಳೆಯ ಬೆನ್ನಿಗೆ.
ಮುದುಕಿಯನ್ನು ಮತ್ತೆ ಕೇಳಿದೆ, ಸಂಬಂಧ?
‘ಇವ್ರ ಅವ್ವ ಹುಟ್ದಾಗ ಹೊಕ್ಕಳಬಳ್ಳಿ ಕೊಯ್ದದ್ದು ನಾನೆಯ.
ಎಂತಾ ಅಂತ ಬರ್ಕಂತ್ರೋ ಬರ್ಕಳಿ.’

ಸೋಮವಾರ ಸಮಿತಿಯವರು ಕೇಳಿದರು:
ಮುಖ್ಯ ಜವಾಬ್ದಾರಿ ಯಾರದು, ಒಂದು ಹೆಸರು ಹೇಳಿ.
ಹಾಳೆ ತಿರುವಿ ಮುಂದಿಟ್ಟೆ. ಮೀನಿನ ವಾಸನೆಗೆ
ಒಬ್ಬರು ಮೂಗು ಮುಟ್ಟಿಕೊಂಡರು.
ಮೂರು ತಿಂಗಳ ಮಟ್ಟಿಗೆ, ಎಂದು ಬರೆದರು.

ಸೆಪ್ಟೆಂಬರಿನಲ್ಲಿ ಹೋದೆ, ನಡುಮಧ್ಯಾಹ್ನ.
ಹುಡುಗಿ ಶಾಲೆಗೆ ಹೋಗಿದ್ದಳು.
ಹುಡುಗ ಬಲೆಯ ರಾಶಿಯ ಮೇಲೆ ಬಾಯಿ ತೆರೆದು
ಮಲಗಿಬಿಟ್ಟಿದ್ದ.